ಹುಳ ಹೋದ ಮೇಲೂ ಬಾಗಿಲು ತಟ್ಟುವ ವೈಜಯಂತಿ

"ಇದು ಸುಣ್ಣ," ಎನ್ನುತ್ತಾರೆ ವೈಜಯಂತಿ, ಮುಚ್ಚಳ ತೆಗೆದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಮುಂದೆ ಹಿಡಿದು. "ನಾನು ಕೇಳಿದ್ದೇನು, ಇವರು ತುಂಬಿಸಿಟ್ಟಿರೋದೇನು, ನೀವೇ ನೋಡಿ."

ದೆಹಲಿಯ ಯಮುನಾ ಖಾದರ್. ನದಿಗೂ ಹೆದ್ದಾರಿಗೂ ನಡುವೆ ಉಳಿದುಕೊಂಡ ತಗ್ಗು ಹೊಲಗಳು. ಜನವರಿಯ ಮಂಜಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಎತ್ತರದ ಸೇತುವೆಯ ಮೇಲೆ ಮೆಟ್ರೊ ಹೋಗುವ ಸದ್ದು ಕೇಳುತ್ತದೆ, ರೈಲು ಕಾಣುವುದಿಲ್ಲ. ಪಂಪಿನ ನೀರು ಬೀಳುವ ಹೊಂಡಕ್ಕಿಳಿದು ಹೆಂಗಸರು ಬರಿಗಾಲಲ್ಲಿ ಮೂಲಂಗಿ ತೊಳೆಯುತ್ತಿದ್ದಾರೆ. ಸೂರ್ಯ ಮೇಲೇರುವ ಮುಂಚೆ ಈ ಮೂಲಂಗಿ ತರಕಾರಿ ಮಂಡಿ ತಲುಪಬೇಕು. ಹಾಗಾಗಿ ಇಲ್ಲಿ ಯಾರಿಗೂ ವೈಜಯಂತಿಯವರ ಡಬ್ಬಿಗಾಗಿ ಪುರುಸೊತ್ತಿಲ್ಲ.

ಡಬ್ಬಿಯ ಒಡೆಯ, ತಲೆಗೆ ಮಫ್ಲರ್ ಸುತ್ತಿದ ಮುದುಕ, ಗುಡಿಸಲ ಬಾಗಿಲಲ್ಲಿ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದಾನೆ. ಇಷ್ಟು ಗಟ್ಟಿ ಮುಚ್ಚಳದ ಡಬ್ಬಿ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎನ್ನುತ್ತಾನೆ. ವೈಜಯಂತಿ ಹೆಗಲ ಚೀಲದಿಂದ ಇನ್ನೊಂದು ಡಬ್ಬಿ ತೆಗೆಯುತ್ತಾರೆ. "ತಾಊಜೀ, ಸುಣ್ಣಕ್ಕೆ ಅದನ್ನೇ ಇಟ್ಕೊಳ್ಳಿ. ಇದು ಮಲಕ್ಕೆ. ನಾಳೆ ಬೆಳಿಗ್ಗೆ. ಅಚ್ಛಾ?" ಅವನು ಅಚ್ಛಾ ಅನ್ನುತ್ತಾನೆ. ಆ ಅಚ್ಛಾದ ಮೇಲೆ ವೈಜಯಂತಿಯವರಿಗೆ ಏನೇನೂ ನಂಬಿಕೆಯಿಲ್ಲ ಎನ್ನುವುದು ಅವರ ಮುಖದಲ್ಲೇ ಕಾಣುತ್ತದೆ.

ವೈಜಯಂತಿ ಹಿರಿಯೂರಿನವರು. ವಯಸ್ಸು ಐವತ್ತು ದಾಟಿದೆ. ದೆಹಲಿಯ ಒಂದು ಸಂಶೋಧನಾ ಸಂಸ್ಥೆಯ ಯೋಜನೆಯಲ್ಲಿ ಗುತ್ತಿಗೆಯ ಮೇಲೆ ಕ್ಷೇತ್ರ ಕಾರ್ಯಕರ್ತೆ. ಮನೆಮನೆಗೆ ಹೋಗಿ ಮಲ ಮತ್ತು ರಕ್ತದ ಮಾದರಿ ತರುವುದು ಅವರ ಕೆಲಸ. ಬೆಳಗಿನ ಮೊದಲ ಮೆಟ್ರೊ ಹಿಡಿದು ಬರುತ್ತಾರೆ. ಸೆಕ್ಯುರಿಟಿಯವನು ದಿನಾ ಅದೇ ನೀಲಿ ಐಸ್ ಡಬ್ಬಿ ತೆಗೆಸಿ, ದಿನಾ ಅದೇ ಪ್ರಶ್ನೆ ಕೇಳುತ್ತಾನೆ. "ಖಾಲಿ ಇದೆ ಭಯ್ಯಾ ಅಂತೀನಿ. ಖಾಲಿ ಡಬ್ಬಿ ಯಾಕೆ ಹೊತ್ಕೊಂಡು ಹೋಗ್ತೀರಿ ಅಂತಾನೆ. ತುಂಬಿದ ಮೇಲೆ ನಿಮ್ಮ ಮೆಟ್ರೊದಲ್ಲಿ ತರೋ ಹಾಗಿಲ್ವಲ್ಲಪ್ಪ, ಅದಕ್ಕೆ ಸಂಸ್ಥೆ ಗಾಡಿ ಬರುತ್ತೆ ಅಂತೀನಿ. ನಾಳೆ ಮತ್ತೆ ಕೇಳ್ತಾನೆ."

ಒಂದು ಬೆಳಿಗ್ಗೆಗೆ ಹತ್ತು ಹನ್ನೆರಡು ಗುಡಿಸಲು ಸುತ್ತಿದರೆ ಮೂರೋ ನಾಲ್ಕೋ ಡಬ್ಬಿ ಕೈಗೆ ಬರುತ್ತವೆ. ರಕ್ತದ ದಿನವಾದರೆ ಅದೂ ಇಲ್ಲ. ಅವರನ್ನು ಹಿಡಿದು ಮಾತಾಡಿಸಲು ನನಗೂ ಹೆಚ್ಚು ಕಡಿಮೆ ಅಷ್ಟೇ ಕಷ್ಟವಾಯಿತು. ಎರಡು ಸಲ ಸಂದರ್ಶನ ಮುಂದೂಡಿ, ಮೂರನೆಯ ಸಲ ಚಾಣಕ್ಯಪುರಿಯ ಕರ್ನಾಟಕ ಭವನದ ಕ್ಯಾಂಟೀನಿಗೆ ಬರುತ್ತೇನೆಂದು ಒಪ್ಪಿದರು. ಬಂದವರೇ ಇಡ್ಲಿ ಹೇಳಿ, ಕೊಕ್ಕೆಹುಳು ಕರುಳಿಗೆ ಹೇಗೆ ಕಚ್ಚಿಕೊಳ್ಳುತ್ತದೆ ಎಂದು ದೊಡ್ಡ ದನಿಯಲ್ಲಿ ವಿವರಿಸತೊಡಗಿದರು. ಪಕ್ಕದ ಮೇಜಿನ ಅಧಿಕಾರಿಯೊಬ್ಬರು ತಟ್ಟೆ ಎತ್ತಿಕೊಂಡು ಎದ್ದು ಹೋದರು. ವೈಜಯಂತಿ ಅತ್ತ ನೋಡಲೂ ಇಲ್ಲ. "ನನಗೆ ಅಭ್ಯಾಸ ಆಗಿದೆ. ಕನ್ನಡ ಸಂಘದ ಊಟಕ್ಕೆ ಹೋದ್ರೂ ಹೀಗೇ. ಏನ್ ಕೆಲಸ ಮಾಡ್ತೀರಿ ಅಂತ ಅವರೇ ಕೇಳ್ತಾರೆ, ಹೇಳಿದ್ರೆ ಅವರೇ ಮುಖ ಕಿವುಚ್ತಾರೆ. ಹಾಗಾದ್ರೆ ಕೇಳೋದ್ಯಾಕೆ?"

ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ ವರ್ಷವೇ ಮದುವೆಯಾಯಿತು. ಗಂಡ ನಾರಾಯಣಸ್ವಾಮಿ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ನೌಕರರು. ಸಂಸಾರ ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿ. ಮಗ ಚಂದನ್ ಹುಟ್ಟಿ ಶಾಲೆಗೆ ಸೇರುವವರೆಗೆ ಮನೆಯಲ್ಲೇ ಇದ್ದರು. ಆಮೇಲೆ ಕರೋಲ್ ಬಾಗ್‌ನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಅಲ್ಲಿ ಜನ ತಾವಾಗಿಯೇ ಬಂದು, ಸಾಲಿನಲ್ಲಿ ನಿಂತು, ತೋಳು ಚಾಚುತ್ತಿದ್ದರು. "ಅದೊಂದು ಕಾಲ," ಎನ್ನುತ್ತಾರೆ ವೈಜಯಂತಿ. "ಈಗ ನಾನೇ ಹೊಲಹೊಲ ಅಲೆದು, ಒಂದು ಚಮಚೆ ರಕ್ತ ಕೊಡಿ ಅಂತ ಬೇಡ್ತೀನಿ. ಕೊಡದೇ ಇರೋ ಹಕ್ಕು ನಿಮಗಿದೆ ಅಂತ ಅವರಿಗೆ ಹೇಳಬೇಕಾದವಳೂ ನಾನೇ. ಮೊದಲು ಅದನ್ನ ಹೇಳಿ, ಆಮೇಲೆ ಕೇಳಬೇಕು. ಯಾರಾದ್ರೂ ಕೊಡ್ತಾರಾ?"

ಅಷ್ಟಕ್ಕೂ ಆ ರಕ್ತ ಯಾಕೆ ಬೇಕು ಎನ್ನುವುದನ್ನು ಯೋಜನೆಯ ಮುಖ್ಯಸ್ಥೆ ಡಾ. ಹರಿಣಿ ಹೀಗೆ ಬಿಡಿಸಿ ಹೇಳುತ್ತಾರೆ. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರ ಪಾದದ ಚರ್ಮ ಕೊರೆದು ಕೊಕ್ಕೆಹುಳುವಿನ ಮರಿ ಒಳಗೆ ಹೋಗುತ್ತದೆ. ಶ್ವಾಸಕೋಶ ಹಾದು ಕರುಳು ಸೇರಿ, ಅಲ್ಲಿ ರಕ್ತ ಹೀರುತ್ತಾ ವರ್ಷಗಟ್ಟಲೆ ಬದುಕುತ್ತದೆ. ಅಷ್ಟು ಕಾಲ ಬದುಕಬೇಕಾದರೆ ನಮ್ಮ ಮೈಯ ರಕ್ಷಣಾ ಶಕ್ತಿ ಅದರ ಮೇಲೆ ತಿರುಗಿ ಬೀಳಬಾರದು. ಹಾಗಾಗಿ ಹುಳು ಆ ಶಕ್ತಿಯನ್ನೇ ಸ್ವಲ್ಪ ಮಂಕು ಮಾಡಿ ಇಡುತ್ತದೆ. ಮಾತ್ರೆ ನುಂಗಿದರೆ ಹುಳು ಸತ್ತು ಹೊರಗೆ ಹೋಗುತ್ತದೆ. ಅಲ್ಲಿಗೆ ವೈದ್ಯರ ಕೆಲಸ ಮುಗಿಯಿತು. ಆದರೆ ಮಂಕಾಗಿದ್ದ ಶಕ್ತಿ ಎಚ್ಚೆತ್ತು ಆಮೇಲೆ ಏನು ಮಾಡುತ್ತದೆ? ಮುಂದಿನ ಹುಳುವನ್ನು ಗುರುತು ಹಿಡಿದು ತಡೆಯುತ್ತದೆಯೇ? ಅಥವಾ ಅದನ್ನು ಮಂಕಾಗಿಡುವ ಹುಳು ಇಲ್ಲವಾದ್ದರಿಂದ ಧೂಳು, ಹೊಗೆಗಳ ಮೇಲೆ ಹರಿಹಾಯ್ದು ಅಲರ್ಜಿ, ಉಬ್ಬಸ ತರುತ್ತದೆಯೇ? ಇದನ್ನು ತಿಳಿಯಬೇಕಾದರೆ ಮಾತ್ರೆಗೆ ಮುಂಚೆ ಒಮ್ಮೆ, ಕೆಲವು ವಾರಗಳಾದ ಮೇಲೆ ಒಮ್ಮೆ, ಕೆಲವು ತಿಂಗಳಾದ ಮೇಲೆ ಒಮ್ಮೆ, ವರ್ಷ ತುಂಬಿದಾಗ ಒಮ್ಮೆ ಅದೇ ಮನುಷ್ಯನ ರಕ್ತ ನೋಡಬೇಕು.

"ಡಾಕ್ಟ್ರು ಹೇಳೋದು ಕೇಳಿದ್ರೆ ಸುಲಭ ಅನ್ಸುತ್ತೆ," ಎನ್ನುತ್ತಾರೆ ವೈಜಯಂತಿ. "ಮಾತ್ರೆಗೆ ಮುಂಚೆ ರಕ್ತ ಕೇಳಿದ್ರೆ ಕೊಡ್ತಾರೆ, ಹೊಟ್ಟೆನೋವು ಇರುತ್ತಲ್ಲ. ಹುಳ ಹೋದ್ಮೇಲೆ ಯಾಕೆ ಕೊಡ್ತಾರೆ? ನಮಗೀಗ ಹುಷಾರಾಗಿದೆ ದೀದಿ, ನಿಮಗೇನು ಕಷ್ಟ ಅಂತಾರೆ. ಎರಡನೇದು ಬರ್ಲಿಲ್ಲ ಅಂದ್ರೆ ಮೊದಲನೇದೂ ದಂಡ. ಅವರ ಕೈಗೆ ಚುಚ್ಚಿದ್ದೇ ದಂಡ. ನನಗೆ ಸಿಟ್ಟು ಬರೋದು ಅದಕ್ಕೆ."

ಸಿಟ್ಟು ಅವರಿಗೆ ಎಲ್ಲರ ಮೇಲೂ ಬರುತ್ತದೆ. ಡಬ್ಬಿಯಲ್ಲಿ ಸುಣ್ಣ ಇಡುವವರ ಮೇಲೆ. ಹೇಳದೆ ಕೇಳದೆ ಉತ್ತರ ಪ್ರದೇಶದ ಬದಾಯೂಂ ಕಡೆಯ ತಮ್ಮೂರಿಗೆ ಹೊರಟುಹೋಗುವ ಸಂಸಾರಗಳ ಮೇಲೆ. ಚಪ್ಪಲಿ ಹಂಚಿದರೆ ಅದನ್ನು ಮದುವೆಗೆಂದು ಕಟ್ಟಿ ಎತ್ತಿಟ್ಟು ಮತ್ತೆ ಬರಿಗಾಲಲ್ಲಿ ಹೊಂಡಕ್ಕಿಳಿಯುವ ಹೆಂಗಸರ ಮೇಲೆ. ಆ ಕೆಸರಿನಲ್ಲಿ ಚಪ್ಪಲಿ ಹೂತುಹೋಗುತ್ತದೆ ಎಂದು ಗೊತ್ತಿಲ್ಲದೆ ಚಪ್ಪಲಿ ಹಂಚಲು ಹೇಳಿದ ಆಫೀಸಿನವರ ಮೇಲೆ. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಪೇಪರಿನಿಂದ ಕಣ್ಣೆತ್ತದೆ ಹೂಂ ಅನ್ನುವ ಗಂಡನ ಮೇಲೆ. "ಮಮ್ಮೀ, ಖಾನೇ ಕೆ ಟೈಮ್ ಪರ್ ಇದು ಬೇಡ, ಪ್ಲೀಸ್," ಎಂದು ಊಟದ ನಡುವೆ ತಡೆಯುವ ಮಗನ ಮೇಲೆ. ಇಷ್ಟೆಲ್ಲ ಸಿಟ್ಟಿದ್ದೂ ಮರುದಿನ ಮೊದಲ ಮೆಟ್ರೊಗೆ ಅವರು ಹಾಜರ್. ಅದೇಕೆ ಎಂದು ಕೇಳಿದಾಗ ಅವರು ರಜನಿಯ ವಿಷಯ ಹೇಳಿದರು.

ರಜನಿ ಖಾದರ್‌ನ ತರಕಾರಿ ಬೆಳೆಗಾರರ ಮಗು. ಏಳು ವರ್ಷವಿರಬಹುದು. ಕಳೆದ ಚಳಿಗಾಲದಲ್ಲಿ ವೈಜಯಂತಿ ಮೊದಲ ಸಲ ನೋಡಿದಾಗ ಅವಳ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಗುಡಿಸಲ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಪರೀಕ್ಷೆಯಲ್ಲಿ ಕೊಕ್ಕೆಹುಳು ಹೇರಳವಾಗಿ ಸಿಕ್ಕಿತು. ಮಾತ್ರೆ ಕೊಟ್ಟರು, ಜೊತೆಗೆ ಕಬ್ಬಿಣಾಂಶದ ಸಿರಪ್. ಬೇಸಿಗೆಯ ಹೊತ್ತಿಗೆ ಮಗು ಮಣ್ಣು ತಿನ್ನುವುದನ್ನು ಬಿಟ್ಟಿತು, ಹೊಲದ ಬದುವಿನ ಮೇಲೆ ಓಡಾಡತೊಡಗಿತು. ಅವಳ ತಾಯಿ ಸೋಮ್‌ವತಿ ಖುಷಿಯಾಗಿ ಎರಡನೆಯ ಸಲದ ರಕ್ತವನ್ನೂ ಕೊಡಿಸಿದಳು. ಅಕ್ಕಪಕ್ಕದವರಿಗೂ ಹೇಳಿ ಕೊಡಿಸಿದಳು.

ಮಳೆಗಾಲದಲ್ಲಿ ಯಮುನೆ ಏರಿತು. ಖಾದರ್‌ನವರೆಲ್ಲ ಗುಡಿಸಲು ಬಿಟ್ಟು ರಸ್ತೆ ಬದಿಯ ಟೆಂಟುಗಳಿಗೆ ಬಂದರು. ನೀರಿಳಿದು ಹೊಲಕ್ಕೆ ಮರಳಿದ ಮೇಲೆ, ಮೂರನೆಯ ಸಲದ ರಕ್ತಕ್ಕೆಂದು ವೈಜಯಂತಿ ಹೋದಾಗ ರಜನಿ ಹೊರಸಿನ ಮೇಲೆ ಕೂತು ಉಬ್ಬಸ ಪಡುತ್ತಿದ್ದಳು. ಕೈಕಾಲು ಕೆರೆದು ಗಾಯ ಮಾಡಿಕೊಂಡಿದ್ದಳು. "ನಿನ್ನ ಮಾತ್ರೆ ಆದ ಮೇಲೇ ಇದು," ಎಂದಳು ಸೋಮ್‌ವತಿ. "ಅದಕ್ಕೆ ಮುಂಚೆ ಇವಳಿಗೆ ಒಂದು ದಿನ ಕೆಮ್ಮಿರಲಿಲ್ಲ."

ಆಗ ತಾವು ಕೊಟ್ಟ ಉತ್ತರವನ್ನು ವೈಜಯಂತಿ ಮುಚ್ಚಿಡುವುದಿಲ್ಲ. "ದಿಲ್ಲಿಯಲ್ಲಿ ಯಾರಿಗಮ್ಮಾ ಕೆಮ್ಮಿಲ್ಲ ಅಂದೆ. ಬೆಳಗಿನಿಂದ ನಾಲ್ಕು ಮನೇಲಿ ಬೇಡ ಅನ್ನಿಸಿಕೊಂಡು ಬಂದಿದ್ದೆ, ಬಾಯಿಗೆ ಅದೇ ಬಂತು. ಸೋಮ್‌ವತಿ ನನ್ನ ಬ್ಯಾಗ್ ಎತ್ತಿ ಬಾಗಿಲಾಚೆ ಇಟ್ಟಳು. ಜಗಳ ಗಿಗಳ ಏನಿಲ್ಲ. ಎತ್ತಿದಳು, ಇಟ್ಟಳು."

ಆ ವಾರವೇ ಸುತ್ತಲಿನ ಗುಡಿಸಲುಗಳೆಲ್ಲ ಬಾಗಿಲು ಹಾಕಿಕೊಂಡವು. ಮಾತ್ರೆ ಮಗುವಿನ ಉಸಿರು ತಿಂದಿತು ಎಂಬ ಮಾತು ಹೊಂಡದಿಂದ ಹೊಂಡಕ್ಕೆ ಹಬ್ಬಿತ್ತು. ವೈಜಯಂತಿ ಡಾ. ಹರಿಣಿಯವರ ಕೋಣೆಗೆ ಹೋಗಿ ನಿಂತರು. ಮಾತ್ರೆಯಿಂದ ಹೀಗಾಗುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟರೆ ಅದನ್ನು ಒಯ್ದು ಮನೆಮನೆಗೆ ಹೇಳಬಹುದು ಎನ್ನುವುದು ಅವರ ಲೆಕ್ಕಾಚಾರ.

"ಗೊತ್ತಿಲ್ಲ," ಎಂದರು ಹರಿಣಿ.

"ಗೊತ್ತಿಲ್ಲ ಅಂದ್ರೆ ಏನ್ ಡಾಕ್ಟ್ರೇ?"

"ಟೆಂಟಿನ ಶೀತ ಇರಬಹುದು. ಹೊಗೆ ಇರಬಹುದು. ಪ್ರವಾಹದ ಕೆಸರಲ್ಲಿ ಓಡಾಡಿ ಹೊಸ ಹುಳು ಹತ್ತಿಕೊಂಡು, ಅದರ ಮರಿಗಳು ಶ್ವಾಸಕೋಶ ದಾಟುವಾಗ ಕೆಮ್ಮು ಬಂದಿರಬಹುದು. ಹಳೇ ಹುಳು ಹೋದದ್ದರಿಂದ ಮೈ ಹೀಗೆ ತಿರುಗಿಬಿದ್ದಿದ್ದರೂ ಇರಬಹುದು. ಆಗುತ್ತೆ ಅಂತಲೂ ಅಧ್ಯಯನಗಳಿವೆ, ಆಗಲ್ಲ ಅಂತಲೂ ಇವೆ. ಒಂದು ಮಗುವನ್ನು ನೋಡಿ ಹೇಳೋಕಾಗಲ್ಲ, ವೈಜಯಂತಿಯವರೇ. ನಾವು ಹುಡುಕ್ತಿರೋದೇ ಅದನ್ನ."

"ನೀವು ಗೊತ್ತಿಲ್ಲ ಅಂತ ಕುರ್ಚಿ ಮೇಲೆ ಕೂತು ಹೇಳ್ತೀರಿ," ಎಂದರಂತೆ ವೈಜಯಂತಿ. "ನಾನು ಅದನ್ನ ಕೆಸರಲ್ಲಿ ನಿಂತು ಹೇಳಬೇಕು."

ಹರಿಣಿ ಇದಕ್ಕೆ ಕೋಪಿಸಿಕೊಳ್ಳಲಿಲ್ಲ. ಹೌದು ಎಂದು ಒಪ್ಪಿದರು. ಮೊದಲು ಮಗುವನ್ನು ಆಸ್ಪತ್ರೆಗೆ ತೋರಿಸಿ, ರಕ್ತದ ಮಾತು ಆಮೇಲೆ, ಬಾರದಿದ್ದರೂ ಪರವಾಗಿಲ್ಲ ಎಂದರು. ಆ ಕೊನೆಯ ಮಾತು ವೈಜಯಂತಿಯವರನ್ನು ಇನ್ನಷ್ಟು ರೇಗಿಸಿತು. "ಪರವಾಗಿಲ್ಲ ಅಂತೆ. ವರ್ಷವಿಡೀ ನಾನು ಯಾತಕ್ಕೆ ಅಲೀತಿದೀನಿ ಹಾಗಾದ್ರೆ?"

ಅಕ್ಟೋಬರ್ ಕೊನೆಯಲ್ಲಿ, ದೆಹಲಿಯ ಗಾಳಿ ಬೂದುಬಣ್ಣಕ್ಕೆ ತಿರುಗುವ ದಿನಗಳಲ್ಲಿ, ವೈಜಯಂತಿ ಮತ್ತೆ ಸೋಮ್‌ವತಿಯ ಗುಡಿಸಲಿಗೆ ಹೋದರು. ಈ ಸಲ ಬ್ಯಾಗನ್ನು ಸಂಸ್ಥೆಯಲ್ಲೇ ಬಿಟ್ಟಿದ್ದರು. ಮಗು ಮಾತಾಡಲಾಗದೆ, ಕುತ್ತಿಗೆಯ ಹಳ್ಳ ಒಳಗೆಳೆಯುವ ಹಾಗೆ ಉಸಿರಾಡುತ್ತಿತ್ತು. ಸೋಮ್‌ವತಿ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ವೈಜಯಂತಿ ಮಗುವನ್ನು ಎತ್ತಿಕೊಂಡು ಹೊಲದ ಬದು ದಾಟಿ ರಸ್ತೆಗೆ ಬಂದು ಆಟೋ ನಿಲ್ಲಿಸಿದರು. ತಾಯಿ ಹಿಂದೆಯೇ ಓಡಿ ಬಂದು ಹತ್ತಿದಳು. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಗುವಿನ ಮುಖಕ್ಕೆ ಮಾಸ್ಕ್ ಇಟ್ಟು ಔಷಧದ ಹಬೆ ಕೊಟ್ಟರು. ಸ್ವಲ್ಪ ಹೊತ್ತಿಗೆ ರಜನಿಯ ಭುಜಗಳು ಇಳಿದವು.

ಅಲ್ಲಿನ ತರುಣ ವೈದ್ಯ, ಯಾವಾಗಿನಿಂದ ಹೀಗೆ ಎಂದು ಕೇಳಿದ. ಹುಳದ ಮಾತ್ರೆ ಆದ ಮೇಲೆ ಎಂದಳು ಸೋಮ್‌ವತಿ. ಹಾಗೆಂದವಳು ವೈಜಯಂತಿಯವರ ಕಡೆ ತಿರುಗಿದಳು, ಈಗ ಇವಳು ಅಲ್ಲಗಳೆಯುತ್ತಾಳೆ ಎನ್ನುವ ಹಾಗೆ. ವೈದ್ಯನೂ ಅವರ ಕಡೆ ನೋಡಿದ.

"ಹೌದು," ಎಂದರು ವೈಜಯಂತಿ. "ಜನವರಿಯಲ್ಲಿ ಮಾತ್ರೆ ಕೊಟ್ವಿ, ನಾನೇ ಕೊಟ್ಟೆ. ಆಗ ಉಬ್ಬಸ ಇರಲಿಲ್ಲ. ಮಳೆಗಾಲದಲ್ಲಿ ಶುರುವಾಯ್ತು. ಬರ್ಕೊಳ್ಳಿ."

ಮಗುವಿಗೆ ನಿದ್ದೆ ಹತ್ತಿದ ಮೇಲೆ ಇಬ್ಬರೂ ಕಾರಿಡಾರಿನ ನೆಲದ ಮೇಲೆ ಕೂತರು. ಡಾಕ್ಟರ್ ಏನು ಹೇಳಿದರೋ ಅದನ್ನು ವೈಜಯಂತಿ ಹಾಗೆಯೇ ಹೇಳಿದರು, ಗೊತ್ತಿಲ್ಲ ಎನ್ನುವುದನ್ನೂ ಸೇರಿಸಿ.

"ಗೊತ್ತಿಲ್ಲದೆ ನನ್ನ ಮಗಳಿಗೆ ಕೊಟ್ಟಿರಾ?" ಸೋಮ್‌ವತಿಯ ದನಿ ಏರಲಿಲ್ಲ.

"ಹುಳಕ್ಕೆ ಆ ಮಾತ್ರೆ ಸರಿ ಅಂತ ಗೊತ್ತು. ದೇಶದ ತುಂಬ ಮಕ್ಕಳಿಗೆ ಕೊಡ್ತಾರೆ. ಕೊಡದೇ ಇದ್ರೆ ರಕ್ತ ಇಲ್ಲದೆ ಇವಳು ಏನಾಗ್ತಿದ್ದಳು ಅಂತಾನೂ ಗೊತ್ತು. ಹುಳ ಹೋದ ಮೇಲೆ ಮೈ ಒಳಗೆ ಏನೇನಾಗುತ್ತೆ ಅನ್ನೋದು ಪೂರ್ತಿ ಗೊತ್ತಿಲ್ಲ. ಅದಕ್ಕೇ ಮತ್ತೆ ಮತ್ತೆ ಬಂದು ಪೀಡಿಸ್ತೀನಿ."

"ಮೊದಲೇ ಹೇಳಬಹುದಿತ್ತು."

"ಹೇಳಿದ್ದೆ. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸ್ಕೊಂಡಾಗ ಎಲ್ಲ ಓದಿ ಹೇಳಿದ್ದೆ."

"ನೀನು ಓದಿದೆ. ಹೇಳಲಿಲ್ಲ," ಎಂದಳು ಸೋಮ್‌ವತಿ.

ಇದನ್ನು ನನಗೆ ಹೇಳುವಾಗ ವೈಜಯಂತಿ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಅವಳು ಹೇಳಿದ್ದು ಸರಿ ಇತ್ತು. ಅದಕ್ಕೂ ನನಗೆ ಸಿಟ್ಟು ಬಂತು," ಎಂದರು.

ಆಸ್ಪತ್ರೆಯವರು ಇನ್‌ಹೇಲರ್ ಕೊಟ್ಟು ಕಳಿಸಿದರು. ಅದನ್ನು ಮಗುವಿನ ಬಾಯಿಗೆ ಹೇಗಿಡಬೇಕು ಎಂದು ತೋರಿಸಲು ವೈಜಯಂತಿ ಮತ್ತೆರಡು ಸಲ ಹೋದರು. ರಕ್ತದ ಮಾತೆತ್ತಲಿಲ್ಲ. ನವೆಂಬರಿನಲ್ಲಿ ಒಂದು ದಿನ ಸೋಮ್‌ವತಿಯೇ ಫೋನ್ ಮಾಡಿದಳು. ಬಂದು ತೆಗೆದುಕೊಂಡು ಹೋಗು, ಆದರೆ ನನ್ನದು ತಗೋ, ಮಗುವಿನದು ಬೇಡ ಎಂದಳು. ನಿನ್ನದು ತಗೊಂಡು ಏನು ಮಾಡಲಿ, ಉಬ್ಬಸ ನಿನಗಿದೆಯಾ ಎಂದು ವೈಜಯಂತಿ ಕೇಳಿದರು. ಫೋನಿನಲ್ಲೇ ಜಗಳವಾಗಿ ಕಟ್ ಆಯಿತು. ಮರುದಿನ ಬೆಳಿಗ್ಗೆ ವೈಜಯಂತಿ ಹೋಗುವಷ್ಟರಲ್ಲಿ ಸೋಮ್‌ವತಿ ರಜನಿಗೆ ತಲೆ ಬಾಚಿ ಹೊರಸಿನ ಮೇಲೆ ಕೂರಿಸಿದ್ದಳು. ಒಂದು ಷರತ್ತು ಹಾಕಿದಳು. ಇದರ ಉತ್ತರ ಬಂದ ದಿನ ಕಾಗದ ಕಳಿಸಬಾರದು, ಬೇರೆ ಯಾರನ್ನೋ ಕಳಿಸಬಾರದು. ನೀನೇ ಬಂದು ನನಗೆ ಅರ್ಥವಾಗುವ ಹಾಗೆ ಹೇಳಬೇಕು. ಮಾತ್ರೆಯಿಂದಲೇ ಆದದ್ದು ಎಂದು ಬಂದರೂ ಬಂದು ಹೇಳಬೇಕು.

"ಒಬ್ಬೊಬ್ಬರ ಉತ್ತರ ಬೇರೆ ಬೇರೆ ಬರಲ್ಲಮ್ಮಾ, ಎಲ್ಲರದ್ದೂ ಸೇರಿಸಿ ನೋಡ್ತಾರೆ ಅಂದೆ. ಹಾಗಾದ್ರೆ ಎಲ್ಲರದ್ದೂ ಸೇರಿಸಿ ಹೇಳು ಅಂದಳು. ಸರಿ ಅಂದೆ."

ರಜನಿ ಸೂಜಿ ನೋಡಿ ಅತ್ತಳು. ಸೋಮ್‌ವತಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಆಮೇಲೆ ಆಕೆ ಅಕ್ಕಪಕ್ಕದವರಿಗೆ ಹೋಗಿ ಹೇಳಿದ್ದಿಷ್ಟೇ: ಇವರಿಗೂ ಗೊತ್ತಿಲ್ಲವಂತೆ, ಅದಕ್ಕೇ ಕೇಳುತ್ತಿದ್ದಾರಂತೆ. ಆ ಮಾತಿಗೆ ಮುಚ್ಚಿದ ಬಾಗಿಲುಗಳಲ್ಲಿ ಸುಮಾರು ಅರ್ಧ ತೆರೆದವು. ಉಳಿದವು ಇವತ್ತಿಗೂ ತೆರೆದಿಲ್ಲ. ಒಂದು ಸಂಸಾರ ಊರಿಗೆ ಹೋದದ್ದು ಮರಳಿ ಬರಲೇ ಇಲ್ಲ. ಅವರ ಎರಡು ಸಲದ ರಕ್ತ ಸಂಸ್ಥೆಯ ಫ್ರೀಜರಿನಲ್ಲಿ ಸುಮ್ಮನೆ ಕೂತಿದೆ. ಅವರ ನೆನಪಾದಾಗಲೆಲ್ಲ ವೈಜಯಂತಿ ಗೊಣಗುತ್ತಾರೆ.

ಈಗ ವರ್ಷ ತುಂಬಿದೆ. ಇದು ಕೊನೆಯ ಸುತ್ತು. ಮಂಜು ಸ್ವಲ್ಪ ತೆಳುವಾಗುವ ಹೊತ್ತಿಗೆ ನಾವು ಸೋಮ್‌ವತಿಯ ಗುಡಿಸಲು ತಲುಪುತ್ತೇವೆ. ಆಕೆ ಪಾಲಕ್ ಸೊಪ್ಪಿನ ಕಟ್ಟು ಕಟ್ಟುತ್ತಾ, ಕೈ ನಿಲ್ಲಿಸದೆ, "ತಡವಾಯ್ತು," ಎನ್ನುತ್ತಾಳೆ. "ನಿನ್ನ ಪಕ್ಕದ ತಾಊಜೀಗೆ ಸುಣ್ಣ ಯಾವುದು, ಮಲ ಯಾವುದು ಅಂತ ಹೇಳೋದರಲ್ಲಿ ತಡವಾಯ್ತು," ಎನ್ನುತ್ತಾರೆ ವೈಜಯಂತಿ. ಇಬ್ಬರೂ ನಗುವುದಿಲ್ಲ. ರಜನಿ ತಾನಾಗಿಯೇ ಸ್ವೆಟರಿನ ತೋಳು ಮೇಲೇರಿಸಿಕೊಳ್ಳುತ್ತಾಳೆ. ಚಳಿಗೆ ಅವಳ ಉಬ್ಬಸ ಪೂರ್ತಿ ಹೋಗಿಲ್ಲ, ಹತೋಟಿಯಲ್ಲಿದೆ. ಕೆನ್ನೆಯಲ್ಲಿ ಬಣ್ಣ ಇದೆ. ವೈಜಯಂತಿ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ಮಾತಾಡುತ್ತಲೇ ಸೂಜಿ ಇಳಿಸುತ್ತಾರೆ. ಕೆಂಪು ನಳಿಕೆ ತುಂಬುತ್ತದೆ. ಐಸ್ ಡಬ್ಬಿಗೆ ಅದನ್ನು ಇಳಿಸುವಾಗ ಅವರ ಕೈ ನಿಧಾನವಾಗುತ್ತದೆ.

"ಉತ್ತರ ಯಾವಾಗ?" ಸೋಮ್‌ವತಿ ಕೇಳುತ್ತಾಳೆ.

"ಇನ್ನೂ ಒಂದು ವರ್ಷ ಹಿಡಿಯುತ್ತೆ. ಹೆಚ್ಚೂ ಆಗಬಹುದು."

"ಅಷ್ಟೊಂದಾ?"

"ನನ್ನನ್ನ ಕೇಳಬೇಡ."

ವಾಪಸು ನಡೆಯುವಾಗ ನಾನು ಲೆಕ್ಕ ಹಾಕಿ ನೋಡುತ್ತೇನೆ. ವೈಜಯಂತಿಯವರ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮಾತು ಯಾರೂ ಆಡಿಲ್ಲ. ಮುಂದಿನ ವರ್ಷ ಪ್ರಬಂಧ ಪ್ರಕಟವಾದರೆ ಅದರಲ್ಲಿ ಡಾಕ್ಟರುಗಳ ಹೆಸರುಗಳಿರುತ್ತವೆ, ಕ್ಷೇತ್ರ ಕಾರ್ಯಕರ್ತರಿಗೆ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಇರುತ್ತದೆ. ಅದರಲ್ಲಿ ನಿಮ್ಮ ಹೆಸರು ಬರಬೇಕೆಂಬ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹೆಸರು ತಗೊಂಡು ಏನ್ ಮಾಡ್ಲಿ," ಎನ್ನುತ್ತಾರೆ ವೈಜಯಂತಿ, ಬದುವಿನ ಮೇಲೆ ಜಾರದಂತೆ ಕಾಲೂರುತ್ತಾ. "ಡಾಕ್ಟ್ರಿಗೆ ಒಂದೇ ಮಾತು ಹೇಳಿಟ್ಟಿದೀನಿ. ಉತ್ತರ ಬಂದ ದಿನ ನನಗೊಂದು ಫೋನ್ ಮಾಡಿ ಅಂತ. ಆಗ ನನ್ನ ಹತ್ರ ಐಡಿ ಕಾರ್ಡ್ ಇರಲ್ಲ, ಗಾಡಿ ಇರಲ್ಲ. ಇಲ್ಲದಿದ್ರೆ ಇಲ್ದೇ ಇರ್ಲಿ. ಮೆಟ್ರೊ ಇದೆಯಲ್ಲ. ಮಾತ್ರೆಯಿಂದಾನೇ ಅಂತ ಬಂದ್ರೂ ಬಂದು ಅವಳ ಎದುರು ಕೂತು ಹೇಳ್ತೀನಿ. ಅವಳು ಬೈತಾಳೆ. ಬೈಯಲಿ. ಅರ್ಥ ಆಯ್ತು ಅನ್ನೋವರೆಗೂ ಹೇಳ್ತೀನಿ."